ಡೋಪಮಿನ್ ನರಕೋಶಗಳ ಸ್ವಯಂಮಿಡಿತ

ಇತರ ಕೋಶಗಳಿಂದ ಸಂಕೇತ ಬಂದಾಗ ಮಾತ್ರ ನರಕೋಶವು ಮಿಡಿಯುತ್ತದೆಂಬುದು ಸಾಮಾನ್ಯ ತಿಳುವಳಿಕೆ. ನಡುಮಿದುಳಿನ ಡೋಪಮಿನ್ ನರಕೋಶಗಳು ಇದಕ್ಕೆ ಒಗ್ಗುವುದಿಲ್ಲ. ಇಲಿಯ ಮಿದುಳಿನ ತೆಳುವಾದ ಹೋಳನ್ನು ಪೋಷಕ ದ್ರವದಲ್ಲಿರಿಸಿ, ನೆರೆಯ ಕೋಶಗಳ ಸಂಕೇತಗಳನ್ನು ಔಷಧಗಳಿಂದ ತಡೆದರೂ ಇವು ಸೆಕೆಂಡಿಗೆ ಸುಮಾರು ೨ರಿಂದ ೫ ಸಲ ಗಡಿಯಾರದಂತೆ ಮಿಡಿಯುತ್ತಲೇ ಇರುತ್ತವೆ. ಈ ಮಿಡಿತದ ಮೂಲವನ್ನೂ, ಪಾರ್ಕಿನ್ಸನ್ ಕಾಯಿಲೆಯೊಡನೆ ಅದಕ್ಕೆ ಇರಬಹುದಾದ ನಂಟನ್ನೂ ಇಲ್ಲಿ ಪರಿಶೀಲಿಸುತ್ತೇವೆ.

ಬಹುತೇಕ ನರಕೋಶಗಳ ಪೊರೆಯ ಒಳಭಾಗವು ಹೊರಭಾಗಕ್ಕಿಂತ ಸುಮಾರು ೭೦ ಮಿಲಿವೋಲ್ಟಿನಷ್ಟು ಋಣವಾಗಿದ್ದು, ಸಂಕೇತ ಬರುವವರೆಗೆ ಹೆಚ್ಚುಕಡಿಮೆ ಹಾಗೆಯೇ ನಿಂತಿರುತ್ತದೆ. ಡೋಪಮಿನ್ ನರಕೋಶಕ್ಕೆ ಅಂತಹ ನಿಲುಗಡೆಯಿಲ್ಲ. ಮಿಡಿತವೊಂದು ಮುಗಿದೊಡನೆ ವೋಲ್ಟೇಜು ಋಣ ೬೦ರ ಆಸುಪಾಸಿಗೆ ಇಳಿದು, ಕೂಡಲೇ ಮೆಲ್ಲನೆ ಏರತೊಡಗುತ್ತದೆ. ಋಣ ೪೦ರ ಸಮೀಪದಲ್ಲಿ ಸೋಡಿಯಂ ವಾಹಿನಿಗಳು ಒಮ್ಮೆಗೇ ತೆರೆದು ಮುಂದಿನ ಮಿಡಿತ ಉಂಟಾಗುತ್ತದೆ. ಆಗ ಒಳನುಗ್ಗಿದ ಕ್ಯಾಲ್ಸಿಯಂ ಅಯಾನುಗಳು ಒಂದು ಬಗೆಯ ಪೊಟ್ಯಾಸಿಯಂ ವಾಹಿನಿಗಳನ್ನು ತೆರೆಯುವುದರಿಂದ ವೋಲ್ಟೇಜು ಮತ್ತೆ ಕುಸಿಯುತ್ತದೆ. ಲಯ ತಪ್ಪದಂತೆ ಕಾಯುವುದರಲ್ಲಿ ಈ ಕುಸಿತದ ಪಾತ್ರ ದೊಡ್ಡದು.

ಮೆಲ್ಲನೆಯ ಆ ಏರಿಕೆಗೆ ಮುಖ್ಯವಾಗಿ ಎರಡು ಪ್ರವಾಹಗಳು ಕಾರಣ. ಸದಾ ತೆರೆದಿರುವ ದಾರಿಗಳಲ್ಲಿ ಒಳಕ್ಕೆ ಜಿನುಗುವ ಸೋಡಿಯಂ ಮೊದಲನೆಯದು. ಇದನ್ನು ನಾವು ‘ಸೋರುಪ್ರವಾಹ’ವೆಂದು ಕರೆಯಬಹುದು. ಸೋರುವುದೆಂದರೆ ಕನ್ನಡಿಗರಿಗೆ ಮಾಳಿಗೆಯ ದೋಷವೇ ನೆನಪಾಗುವುದು ಸಹಜ. ಇಲ್ಲಿಯಾದರೋ ಸೋರಿಕೆ ನಿಂತರೆ ಮಿಡಿತವೇ ನಿಲ್ಲುತ್ತದೆ. ಎರಡನೆಯದು, ಇತರ ಹಲವು ಕ್ಯಾಲ್ಸಿಯಂ ವಾಹಿನಿಗಳಿಗಿಂತ ಬೇಗನೆ, ಅಂದರೆ ಹೆಚ್ಚು ಋಣ ವೋಲ್ಟೇಜಿನಲ್ಲೇ, ತೆರೆದುಕೊಳ್ಳುವ ಸಿಎವಿ ೧.೩ ಎಂಬ ವಾಹಿನಿಯ ಮೂಲಕ ಬರುವ ಕ್ಯಾಲ್ಸಿಯಂ. ವೆಂಟ್ರಲ್ ಟೆಗ್ಮೆಂಟಲ್ ಪ್ರದೇಶದ ಕೋಶಗಳಲ್ಲಿ ಸೋಡಿಯಮ್ಮಿನದೇ ಮೇಲುಗೈ. ಮಾನವರಲ್ಲಿ ಕಪ್ಪು ವರ್ಣಕದಿಂದ ಗುರುತಿಸಲ್ಪಡುವ ‘ಸಬ್‌ಸ್ಟಾನ್ಷಿಯ ನೈಗ್ರ’ ಅಥವಾ ಕೃಷ್ಣದ್ರವ್ಯದ ಕೋಶಗಳಲ್ಲಿ ಕ್ಯಾಲ್ಸಿಯಮ್ಮಿನ ಪಾಲು ಹೆಚ್ಚು.

ಒಳಬಂದ ಕ್ಯಾಲ್ಸಿಯಮ್ಮನ್ನು ಹೊರದೂಡಲು ಶಕ್ತಿ ವ್ಯಯವಾಗಬೇಕು. ಕೃಷ್ಣದ್ರವ್ಯದ ಬಹುಪಾಲು ಕೋಶಗಳಲ್ಲಿ ಅದನ್ನು ಹಿಡಿದಿಡುವ ಪ್ರೋಟೀನುಗಳೂ ಕಡಿಮೆ. ಸಾಲದೆಂಬಂತೆ ಇವುಗಳ ನರತಂತುಗಳು ಅಪಾರವಾಗಿ ಕವಲೊಡೆದಿವೆ: ಇಲಿಯ ಒಂದೇ ಕೋಶದ ತಂತುವಿನ ಕವಲುಗಳನ್ನೆಲ್ಲ ಕೂಡಿಸಿದರೆ ಸುಮಾರು ಅರ್ಧ ಮೀಟರ್ ಉದ್ದವಾಗುತ್ತದೆ. ಈ ಹೊರೆಯೆಲ್ಲ ಬೀಳುವುದು ಮೈಟೊಕಾಂಡ್ರಿಯಗಳ ಮೇಲೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಅತಿ ಹೆಚ್ಚಾಗಿ ನಾಶವಾಗುವ ಡೋಪಮಿನ್ ಕೋಶಗಳು ಇವೇ. ನೆರೆಯ ಟೆಗ್ಮೆಂಟಲ್ ಕೋಶಗಳು ಹೆಚ್ಚು ಸಂಖ್ಯೆಯಲ್ಲಿ ಉಳಿಯುತ್ತವೆ.

೨೦೦೭ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜೇಮ್ಸ್ ಸರ್ಮಿಯರ್ ಮತ್ತು ಸಂಗಡಿಗರು, ರಕ್ತದೊತ್ತಡದ ಔಷಧವಾದ ಇಸ್ರಾಡಿಪಿನ್‌ನಿಂದ ಈ ವಾಹಿನಿಗಳನ್ನು ತಡೆದಾಗ ಇಲಿಗಳ ಕೋಶಗಳು ಎಳೆಯ ಪ್ರಾಯದ ರೀತಿಯಲ್ಲಿ, ಕ್ಯಾಲ್ಸಿಯಮ್ಮನ್ನು ಅವಲಂಬಿಸದೆ, ಮಿಡಿಯುವುದನ್ನು ತೋರಿಸಿದರು. ನರವಿಷಗಳಿಂದ ಅವುಗಳಿಗೆ ರಕ್ಷಣೆಯೂ ದೊರೆಯಿತು. ಆದರೆ ಪ್ರಾರಂಭಾವಸ್ಥೆಯ ೩೩೬ ರೋಗಿಗಳ ಮೇಲೆ ೩೬ ತಿಂಗಳು ನಡೆದ ಪ್ರಯೋಗದಲ್ಲಿ ಕಾಯಿಲೆಯ ಮುನ್ನಡೆ ತಗ್ಗಲಿಲ್ಲವೆಂದು ೨೦೨೦ರಲ್ಲಿ ಪ್ರಕಟವಾಯಿತು. ಇದರಿಂದಲೇ ಸಿದ್ಧಾಂತ ಬಿದ್ದುಹೋಯಿತೆನ್ನುವುದು ಅವಸರದ ತೀರ್ಮಾನವೆಂದು ನಮ್ಮ ಅಭಿಪ್ರಾಯ. ರಕ್ತನಾಳಗಳಲ್ಲಿರುವ ಸೋದರ ವಾಹಿನಿಯು ಈ ಔಷಧಕ್ಕೆ ಹೆಚ್ಚು ಸುಲಭವಾಗಿ ವಶವಾಗುತ್ತದೆ. ಮಿದುಳಿನ ವಾಹಿನಿಯನ್ನು ಸಾಕಷ್ಟು ತಡೆಯಲೆಂದು ಪ್ರಮಾಣವನ್ನು ಏರಿಸಹೊರಟರೆ ರೋಗಿಯ ರಕ್ತದೊತ್ತಡ ಅದಕ್ಕೆ ಮೊದಲೇ ಕುಸಿಯುತ್ತದೆ.