ಎಟಿಯೋಸ್ ಡೀಸೆಲ್ ಮನೆಮಂದಿಗೆ ಸರಿಯೇ?

ಪ್ರಶ್ನೆ: ಹಳೆಯ ಟೊಯೊಟಾ ಎಟಿಯೋಸ್ ಡೀಸೆಲ್ ಕಾರು ಐದು ಜನರ ಕುಟುಂಬಕ್ಕೆ ಒಗ್ಗುತ್ತದೆಯೇ?
– ಓದುಗರೊಬ್ಬರು, ಗೌನಿಪಲ್ಲಿ

ಉತ್ತರ: ಬಿಡದಿಯ ಕಾರ್ಖಾನೆಯಲ್ಲಿ ತಯಾರಾದ ಈ ಸೆಡಾನ್ 2010ರ ಡಿಸೆಂಬರಿನಲ್ಲಿ ಪೆಟ್ರೋಲ್ ಎಂಜಿನ್ನಿನೊಂದಿಗೆ ಬಂತು, ಡೀಸೆಲ್ ಮರುವರ್ಷ ಸೇರಿತು. ಇದರ ದೊಡ್ಡ ಗುಣ ಜಾಗ. ಹಿಂದಿನ ಸೀಟಿನಲ್ಲಿ ಮೂವರು ಹೆಚ್ಚು ಇಕ್ಕಟ್ಟಿಲ್ಲದೆ ಕೂರಬಹುದು. ಡಿಕ್ಕಿ 595 ಲೀಟರ್. ಶ್ರೀನಿವಾಸಪುರದ ಮಾವಿನ ಸುಗ್ಗಿಯಲ್ಲಿ ನೆಂಟರ ಮನೆಗೆ ಹೊರಟರೆ ಬಟ್ಟೆಬರೆಯ ಜೊತೆ ಹಣ್ಣಿನ ಕ್ರೇಟೂ ಹಿಡಿಸುತ್ತದೆ.

1.4 ಲೀಟರ್ ಎಂಜಿನ್ನಿಗೆ ಇರುವುದು ಸುಮಾರು 67 ಅಶ್ವಶಕ್ತಿ ಮಾತ್ರ. ಆದರೆ 170 ನ್ಯೂಟನ್ ಮೀಟರ್ ಟಾರ್ಕ್ 1,800 ಆರ್‌ಪಿಎಂಗೇ ಸಿಗುವುದರಿಂದ ಐವರು ಕೂತರೂ ಏರಿನಲ್ಲಿ ಪದೇ ಪದೇ ಗೇರ್ ಬದಲಿಸಬೇಕಿಲ್ಲ.

ಕೊರತೆಗಳೂ ಇವೆ. ಎಂಜಿನ್ನಿನ ಗಡಗಡ ಒಳಗೆ ಕೇಳುತ್ತದೆ. ಸ್ಪೀಡೋಮೀಟರ್ ಡ್ಯಾಶ್‌ಬೋರ್ಡಿನ ನಡುವೆ ಇರುವುದರಿಂದ ಚಾಲಕ ಎಡಕ್ಕೆ ಕಣ್ಣು ಹೊರಳಿಸಬೇಕು. ಊರೊಳಗೇ ನಾಲ್ಕೈದು ಕಿ.ಮೀ. ಓಡಿಸುವವರಿಗೆ ಡೀಸೆಲ್ ಗಿಟ್ಟುವುದಿಲ್ಲ. ಆಗಾಗ ಕೋಲಾರ, ಬೆಂಗಳೂರಿಗೆ ಹೋಗುವವರಿಗೆ ಲಾಭವುಂಟು.

2020ರ ಏಪ್ರಿಲ್‌ನಲ್ಲಿ ಬಿಎಸ್6 ಜಾರಿಯಾಗುವ ಹೊತ್ತಿಗೆ ಇದರ ಮಾರಾಟ ನಿಂತಿತು. ಈಗ ಸಿಗುವುದೆಲ್ಲ ಸೆಕೆಂಡ್‌ಹ್ಯಾಂಡ್. ಹಲವು ಟ್ಯಾಕ್ಸಿಯಾಗಿ ದುಡಿದವು. ಆರ್‌ಸಿಯ 15 ವರ್ಷದ ಅವಧಿಯಲ್ಲಿ ಎಷ್ಟು ಉಳಿದಿದೆ ಎಂದು ನೋಡಬೇಕು. ಬೆಳಿಗ್ಗೆ ತಣ್ಣಗಿರುವಾಗಲೇ ಎಂಜಿನ್ ಸ್ಟಾರ್ಟ್ ಮಾಡಿಸುವುದು ಒಳ್ಳೆಯದು: ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ.