ಒಂದು ಮಾತು ಹೇಳುವ ಹೊಣೆ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಮನೆಗಳಲ್ಲಿ ಇಂದು ಕಲಿತ ಮಕ್ಕಳಿಗೆ ಕೊರತೆಯಿಲ್ಲ. ಅವರನ್ನು ತಕ್ಕವರ ಬಳಿಗೆ ಮುಟ್ಟಿಸುವವರದೇ ಕೊರತೆ. ಮಗ ಡಿಪ್ಲೊಮಾ ಮುಗಿಸಿದನೆಂದರೆ ತಂದೆಗೆ ಮೊದಲು ನೆನಪಾಗುವವರು ಹುಬ್ಬಳ್ಳಿಯಲ್ಲಿ ನೆಲೆಸಿದ ಬೀಗರು, ಇಲ್ಲವೆ ಮಠದ ಅಜ್ಜಾವರು. "ನಮ್ಮ ಹುಡುಗನ ಸಲುವಾಗಿ ಒಂದು ಮಾತು ಹೇಳ್ರಿ" ಎಂಬ ಬೇಡಿಕೆ ನಮ್ಮೆಲ್ಲರ ಬಾಗಿಲಿಗೂ ಬಂದಿದೆ. ಹಿಂದೆ ಚೀಟಿ ಬರೆದು ಕೊಡುತ್ತಿದ್ದೆವು. ಈಗ ಒಬ್ಬರ ಫೋನ್ ನಂಬರನ್ನು ಇನ್ನೊಬ್ಬರಿಗೆ ಕೊಟ್ಟು ಕೈತೊಳೆದುಕೊಳ್ಳುತ್ತೇವೆ.

ಪರಿಚಯ ಮಾಡಿಸುವುದೆಂದರೆ ಇಷ್ಟೇ ಅಲ್ಲವೆಂಬುದಕ್ಕೆ ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳ ಬಾಳೇ ಸಾಕ್ಷಿ. ಪೂಜ್ಯರು 1904ರಲ್ಲಿ ವೀರಶೈವ ಮಹಾಸಭೆಯನ್ನು, 1909ರಲ್ಲಿ ಬಾದಾಮಿಯ ಸಮೀಪ ಶಿವಯೋಗ ಮಂದಿರವನ್ನು ಸ್ಥಾಪಿಸಿದರೆಂಬುದನ್ನು ಎಲ್ಲರೂ ಬಲ್ಲರು. ಅವರ ಇನ್ನೊಂದು ಉಪಕಾರವನ್ನು ಈ ದೃಷ್ಟಿಯಿಂದ ನೆನೆಯುವವರು ವಿರಳ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯನೆಂಬ ಬಾಲಕನಿಗೆ ಕಣ್ಣಿರಲಿಲ್ಲ, ಅವನ ಸಹೋದರನಿಗೂ ಇರಲಿಲ್ಲ. ಅಂದಿನ ಕಾಲದಲ್ಲಿ ಅಂಥ ಮಕ್ಕಳಿಗೆ ಸಿಗುತ್ತಿದ್ದುದು ಒಂದಿಷ್ಟು ಕನಿಕರ, ಒಂದಿಷ್ಟು ಅನ್ನ. ಪೂಜ್ಯರು ಕಂಡದ್ದು ಕುರುಡನ್ನಲ್ಲ, ಕಂಠವನ್ನು. ಕಂಡು ಆಶೀರ್ವದಿಸಿ ಮುಂದೆ ನಡೆಯಲಿಲ್ಲ. ಸಂಗೀತ ಶಿಕ್ಷಣದ ಭಾರವನ್ನು ತಾವೇ ಹೊತ್ತರು. ಕರ್ನಾಟಕ ಸಂಗೀತವಾದ ಮೇಲೆ ಹಿಂದುಸ್ತಾನಿ ಪದ್ಧತಿಯ ಕಲಿಕೆಯೂ ನಡೆಯಿತು. ಮಿರಜದ ನೀಲಕಂಠಬುವಾ ಅವರಂಥ ಗುರುಗಳು ದೊರೆತರು. ಆ ಬಾಲಕನೇ ಗಾನಯೋಗಿ ಪಂಚಾಕ್ಷರಿ ಗವಾಯಿಗಳು. ಅವರ ಆಸರೆಗೆ ಬಂದ ಇನ್ನೊಬ್ಬ ಅಂಧ ಬಾಲಕ ಪುಟ್ಟರಾಜ ಗವಾಯಿಗಳಾದರು. ಯಲಿವಾಳದ ಬಸವರಾಜ ರಾಜಗುರು ಅವರೂ ಆ ಗುರುವಿನ ಬಳಿ ಕಲಿತವರೇ.

ನಮಗೆ ತೋರುವಂತೆ, ಇಲ್ಲಿ ಮೆಚ್ಚತಕ್ಕದ್ದು ಪೂಜ್ಯರ ಪ್ರಭಾವವಲ್ಲ. ಯಾರಲ್ಲಿ ಏನಿದೆ, ಅದು ಯಾರ ಬಳಿ ಬೆಳೆದೀತು ಎಂಬ ಅವರ ಅರಿವು. ಕಳುಹಿಸಿದ ಮೇಲೂ ಕೈಬಿಡದ ಅವರ ಹೊಣೆ.

ಈ ಅರಿವಿಲ್ಲದೆ ನಾವೇ ಒಮ್ಮೆ ತಪ್ಪಿದ್ದುಂಟು. ಸವಣೂರ ಕಡೆಯ ತರುಣನೊಬ್ಬನನ್ನು, ಲೆಕ್ಕಪತ್ರದಲ್ಲಿ ಬಹು ಜಾಣನೆಂದು ಹೊಗಳಿ, ಪರಿಚಿತ ವರ್ತಕರೊಬ್ಬರ ಅಂಗಡಿಗೆ ಕಳುಹಿಸಿದೆವು. ನಾವು ಬಲ್ಲದ್ದು ಆತನ ತಂದೆಯನ್ನು, ಆತನನ್ನಲ್ಲ. ವರ್ತಕರನ್ನೂ ಮುಂಚಿತವಾಗಿ ಕೇಳಿರಲಿಲ್ಲ. ಅವರು ದಾಕ್ಷಿಣ್ಯಕ್ಕೆ ಇಟ್ಟುಕೊಂಡರು. ಹುಡುಗನ ಮನಸ್ಸೆಲ್ಲ ಪಂಪ್‌ಸೆಟ್ಟು ರಿಪೇರಿಯಲ್ಲಿ. ಮೂರು ತಿಂಗಳಿಗೆ ಹೇಳದೆ ಕೇಳದೆ ಬಿಟ್ಟುಬಂದ. ವರ್ತಕರು ಒಂದು ಮಾತೂ ಆಡಲಿಲ್ಲ. ಆದರೆ ಮರುವರ್ಷ ಹಿರೇಕೆರೂರಿನ ಬಿ.ಕಾಂ. ಮುಗಿಸಿದ ಹೆಣ್ಣುಮಗಳೊಬ್ಬಳ ಸಲುವಾಗಿ, ನಿಜಕ್ಕೂ ಯೋಗ್ಯಳಾದವಳ ಸಲುವಾಗಿ, ಹೇಳಹೋದಾಗ ಅವರು ನಕ್ಕು ಚಹಾ ಕುಡಿಸಿ ಕಳುಹಿಸಿದರು. ನಮ್ಮ ಹಗುರ ಮಾತಿನ ಬೆಲೆಯನ್ನು ಆ ಮಗಳು ತೆತ್ತಳು.

"ನಮ್ಮ ಪೈಕಿ ಹುಡುಗ" ಎಂಬುದೂ ಅರ್ಹತೆಯಲ್ಲ. ಕಾಯಕವನ್ನು ಪೂಜೆಯೆಂದು ನಂಬಿದ ಸಮಾಜ ನಮ್ಮದು. ಕೆಲಸ ಬಲ್ಲವನೇ ಎಂಬುದನ್ನು ಮೊದಲು ನೋಡಬೇಕಷ್ಟೆ. (ಬೀಗರಿಗೆ ಇದು ರುಚಿಸದು, ಇರಲಿ.)

ಈಗ ಯಾರಾದರೂ ಬಂದರೆ ತಂದೆಯನ್ನು ಪಡಸಾಲೆಯಲ್ಲಿ ಕೂಡ್ರಿಸಿ, ಮಗನನ್ನೋ ಮಗಳನ್ನೋ ಬೇರೆಯಾಗಿ ಮಾತನಾಡಿಸುತ್ತೇವೆ. ಆ ಬಳಿಕ ಅತ್ತ ಕಡೆಯವರಿಗೆ ಫೋನು ಮಾಡಿ, "ಇಂಥವರಿದ್ದಾರೆ, ಇಷ್ಟು ಮಾತ್ರ ನಾವು ಬಲ್ಲೆವು, ಬೇಡವೆಂದರೆ ಬೇಸರವಿಲ್ಲ" ಎನ್ನುತ್ತೇವೆ. ಅವರು ಒಪ್ಪಿದ ಮೇಲೆಯೇ ವಿಳಾಸ ಕೊಡುವುದು. ತಿಂಗಳು ಕಳೆದ ಮೇಲೆ ಇಬ್ಬರನ್ನೂ ಮತ್ತೆ ವಿಚಾರಿಸುತ್ತೇವೆ. ಕಳೆದ ಶ್ರಾವಣದಲ್ಲಿ ಆ ವರ್ತಕರೇ ಫೋನು ಮಾಡಿ, ಲೆಕ್ಕ ಬರೆಯುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ನಾಲ್ಕು ದಿನ ಕಾಲಾವಕಾಶ ಬೇಡಿದೆವು.