ಅರ್ಧ ದಿನದ ಕೂಲಿ: ಲೆಕ್ಕ ಎಲ್ಲಿ ತಪ್ಪುತ್ತದೆ?



ಶಿರವಾಳದ ಸುತ್ತಮುತ್ತ ಹತ್ತಿ ಬಿಡಿಸಲು, ಕಳೆ ತೆಗೆಯಲು, ನೆಲ್ಲು ನಾಟಿ ಮಾಡಲು ಹೋಗುವವರು ಹೆಚ್ಚಾಗಿ ಹೆಣ್ಣುಮಕ್ಕಳೇ. ಮನೆಯಲ್ಲಿ ಕೂಸು, ವಯಸ್ಸಾದವರು, ನೀರು, ಅಡುಗೆ. ಹೀಗಾಗಿ ಎಲ್ಲರಿಗೂ ಇಡೀ ದಿನ ಹೋಗಲು ಆಗುವುದಿಲ್ಲ. "ಅರ್ಧ ದಿನ ಬಂದೀರಿ, ಅರ್ಧ ಕೂಲಿ ತಗೋರಿ" ಅಂದರೆ ನಾವು ಸುಮ್ಮನಾಗುತ್ತೇವೆ. ಆದರೆ ಅರ್ಧವಾದರೂ ಪೂರ್ತಿ ಸಿಗುತ್ತದೆಯೇ?

ತಾಸಿನ ಲೆಕ್ಕ ಹಾಕಿ ನೋಡಿರಿ. ಉದಾಹರಣೆಗೆ, 8 ತಾಸಿಗೆ 400 ರೂಪಾಯಿ ಅಂದರೆ ತಾಸಿಗೆ 50 ರೂಪಾಯಿ. 4 ತಾಸಿಗೆ 150 ಕೊಟ್ಟರೆ ತಾಸಿಗೆ ಬಿದ್ದದ್ದು ಮೂವತ್ತೇಳೂವರೆ ಮಾತ್ರ. ಹೊಲ ಅದೇ, ಬಿಸಿಲು ಅದೇ, ಕೆಲಸವೂ ಅದೇ!

ಕಾನೂನು ಏನು ಹೇಳುತ್ತದೆ?

1948ರ ಕನಿಷ್ಠ ವೇತನ ಕಾಯ್ದೆಯಲ್ಲಿದ್ದ ಒಂದು ಮುಖ್ಯ ನಿಯಮ, 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯಲ್ಲೂ ಇದೆ. ಇಡೀ ದಿನ ದುಡಿಯಲು ನೀವು ತಯಾರಿದ್ದು, ಮಾಲೀಕರೇ ಕೆಲಸ ಇಲ್ಲವೆಂದು ಮಧ್ಯಾಹ್ನ ಕಳಿಸಿದರೆ, ಇಡೀ ದಿನದ ಕೂಲಿ ಕೊಡಬೇಕು. ನೀವೇ ಒಲ್ಲೆ ಅಂತ ಬಂದರೆ ಈ ಹಕ್ಕಿಲ್ಲ. ಒಂದೇ ತರಹದ ಕೆಲಸಕ್ಕೆ ಗಂಡಿಗೊಂದು, ಹೆಣ್ಣಿಗೊಂದು ಕೂಲಿ ಕೊಡಬಾರದೆಂಬುದು 1976ರಿಂದಲೂ ಕಾನೂನು.

ಸರ್ಕಾರದ ಕೆಲಸದಲ್ಲಿ?

ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾದದ್ದು ನಮ್ಮ ಭಾಗದಲ್ಲೇ. ಆಗ ನಾವು ಗುಲಬರ್ಗಾ ಜಿಲ್ಲೆಯವರು. ಬಿಸಿಯೂಟದ ಅಡುಗೆಯವರಿಗೆ 2009ರಲ್ಲಿ ಕೇಂದ್ರ ನಿಗದಿ ಮಾಡಿದ್ದು ತಿಂಗಳಿಗೆ 1000 ರೂಪಾಯಿ, ಅದೂ ವರ್ಷಕ್ಕೆ 10 ತಿಂಗಳು. ಅದಕ್ಕೆ ರಾಜ್ಯ ತನ್ನ ಪಾಲು ಸೇರಿಸುತ್ತದೆ. ಇದಕ್ಕೆ ಸಂಬಳ ಅನ್ನುವುದಿಲ್ಲ, 'ಗೌರವಧನ' ಅನ್ನುತ್ತಾರೆ. ಹೆಸರು ಬದಲಾದರೆ ಹಕ್ಕೂ ಕೈತಪ್ಪುತ್ತದೆ.

ಅಂಗನವಾಡಿಯವರಿಗೂ ಇದೇ ಮಾತು ಹೇಳುತ್ತಿದ್ದರು. ಆದರೆ 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅವರದು ಅರೆಕಾಲಿಕ ಕೆಲಸವೆಂದು ಒಪ್ಪಲಾಗದು ಎಂದಿತು. ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರಾಚ್ಯುಟಿ ಹಕ್ಕಿದೆ ಎಂದು ತೀರ್ಪು ಕೊಟ್ಟಿತು.

ನಾವೇನು ಮಾಡಬಹುದು?

* ಹೊಲಕ್ಕೆ ಹೋಗುವ ಮುಂಚೆಯೇ ತಾಸು, ಕೂಲಿ ಎರಡನ್ನೂ ಮಾತಾಡಿಕೊಳ್ಳಿರಿ.
* ಬಂದ ಮೇಲೆ ಎರಡನ್ನೂ ನೋಟುಬುಕ್ಕಿನಲ್ಲಿ ಬರೆದಿಡಿರಿ. ಓದು ಬಾರದವರು ಮಕ್ಕಳಿಂದ ಬರೆಸಿರಿ.
* ಸಂಘದ ಸಭೆಯಲ್ಲಿ ಎಲ್ಲರ ಲೆಕ್ಕ ಕೂಡಿಸಿ ನೋಡಿರಿ.
* ಕೂಲಿ ಕಡಿಮೆ ಬಂದರೆ ಕಾರ್ಮಿಕ ಇಲಾಖೆಗೆ ಒಬ್ಬರೇ ಹೋಗದೆ, ಕೂಡಿ ಹೋಗಿರಿ.

ಅರ್ಧ ದಿನ ದುಡಿಯುವಾಕೆ ಅರ್ಧ ಕೂಲಿಕಾರಳಲ್ಲ. ಲೆಕ್ಕ ಗೊತ್ತಿದ್ದವಳನ್ನು ಯಾರೂ ಸುಲಭವಾಗಿ ಮೋಸ ಮಾಡಲಾರರು.